ಸ್ಲ್ಯಾಬಿನ ಅಡಿಯ ಹಂಚುಗಳು

ಸುಳ್ಳು ಹೇಳದವರು ಯಾರಿದ್ದಾರೆ? ಆದರೆ ಹೇಳಿದ ಸುಳ್ಳಿನಿಂದ ಏನಾದರೂ ಲಾಭವಿರಬೇಕು. ನಾನು ಇಪ್ಪತ್ತು ವರ್ಷ ಒಬ್ಬರಿಗೇ ಒಂದೇ ಸುಳ್ಳು ಹೇಳಿದೆ, ನಯಾಪೈಸೆಯ ಪ್ರಯೋಜನವಾಗಲಿಲ್ಲ. ನನಗೆ ಹಳೆಯ ಹಂಚು ಕೂಡಿಡುವ ಹುಚ್ಚು. ಮನೆಯ ಮಾಡಿಗೆ ಹೊದೆಸುವ ಹಂಚೇ. ಹಿಂದೆ ನಮ್ಮ ಕಡೆಯ ಕಾರ್ಖಾನೆಗಳು ಹಂಚಿನ ಮೇಲೆ ತಮ್ಮ ತಮ್ಮ ಗುರುತು ಒತ್ತುತ್ತಿದ್ದವು: ಮೊಲ, ನವಿಲು, ದೋಣಿ, ಗಂಟೆ. ಎಲ್ಲಿಯಾದರೂ ಹಳೆಯ ಮನೆ ಕೆಡವುತ್ತಾರೆಂದು ಕೇಳಿದರೆ ಸಾಕು, ಸಾವಿನ ಮನೆಗೆ ಹೋಗುವ ಮುಖ ಮಾಡಿಕೊಂಡು ಹೋಗಿ, ಮದುವೆ ಮನೆಯಿಂದ ಬರುವ ಮುಖದಲ್ಲಿ ಬರುತ್ತಿದ್ದೆ. ಹಾಗೆ ಬಂದ ನೂರಾಹನ್ನೆರಡು ಹಂಚುಗಳು ಮೆಲ್ಕಾರಿನ ನಮ್ಮ ಮನೆಯಲ್ಲಿ, ಮಗಳು ಮದುವೆಯಾಗಿ ಹೋದ ಮೇಲೆ ಖಾಲಿಯಾದ ಕೋಣೆಯನ್ನು ಹಿಡಿದಿವೆ. ನೆಂಟರು ಬಂದರೆ ಚಾವಡಿಯಲ್ಲಿ ಮಲಗುವುದು, ಹಂಚುಗಳು ಮಾತ್ರ ಫ್ಯಾನಿನ ಅಡಿಯಲ್ಲಿ ಎಂದು ನನ್ನ ಹೆಂಡತಿ ಸುಮತಿ ಊರಿಗೆಲ್ಲ ಹೇಳಿದ್ದಾಳೆ.

ಕಳೆದ ಮಳೆಗಾಲ ನೇತ್ರಾವತಿ ಹೊಳೆ ರಸ್ತೆಗೆ ಏರಿ ಬಂದದ್ದನ್ನು ಕಂಡು ನನಗೆ ಭಯ ಹಿಡಿಯಿತು. ಮನೆಗೆ ವಿಮೆ ಇತ್ತು, ಹಂಚಿಗೆ ಇರಲಿಲ್ಲ. ವಿಮೆಯ ಏಜೆಂಟ್ ಪ್ರವೀಣನನ್ನು ಕರೆಸಿದೆ. ಅವನು ನನ್ನ ಶಿಷ್ಯ; ಡ್ರಾಯಿಂಗ್ ಕ್ಲಾಸಿನಲ್ಲಿ ದನ ಬರೆಯಲು ಹೇಳಿದರೆ ಮೇಜು ಬರೆದು ಬಾಲ ಸೇರಿಸುತ್ತಿದ್ದವನು.

“ಹಂಚಾ ಸರ್? ತೊಂದರೆ ಇಲ್ಲ. ಮಾಡು ಕಟ್ಟಡದೊಟ್ಟಿಗೇ ಬರ್ತದೆ.”

“ಮಾಡಿನಲ್ಲಿ ಅಲ್ಲ ಮಾರಾಯ, ಕೋಣೆಯ ಒಳಗೆ ಉಂಟು.”

“ಮತ್ತೆ ಮಾಡಿಗೆ?”

“ಮಾಡಿಗೆ ಸ್ಲ್ಯಾಬ್.”

ಪ್ರವೀಣ ಮೇಲೆ ನೋಡಿದ, ಕೋಣೆಯೊಳಗೆ ನೋಡಿದ, ಕೊನೆಗೆ ಸುಮತಿಯ ಮುಖ ನೋಡಿದ. ಅವಳು ಒಳಗೆ ಹೋದಳು. ಕಂಪನಿಯನ್ನು ವಿಚಾರಿಸಿ ಅವನು ಮರುದಿನ ಫೋನ್ ಮಾಡಿದ. ಸಂಗ್ರಹಕ್ಕೂ ವಿಮೆ ಆಗುತ್ತದಂತೆ. ಪ್ರತಿಯೊಂದರ ಫೋಟೊ, ಪಟ್ಟಿ ಬೇಕು. “ಮತ್ತೆ ಇದರ ಬೆಲೆ ಗೊತ್ತಿರುವವರು ಯಾರಾದ್ರೂ ಬರೆದು ಕೊಡ್ಬೇಕು ಸರ್. ನೀವೇ ಬರೆದ್ರೆ ಆಗುದಿಲ್ಲ.”

ನಾನು ಸಿಕ್ಕಿಬಿದ್ದದ್ದು ಇಲ್ಲಿ. ನನಗೆ ತಿಳಿದ ಮಟ್ಟಿಗೆ ಹಳೆಯ ಹಂಚಿನ ಬೆಲೆ ಗೊತ್ತಿರುವವರು ನನ್ನನ್ನು ಬಿಟ್ಟರೆ ಒಬ್ಬರೇ, ಪುತ್ತಿಗೆಯ ಶೀನ ಶೆಟ್ಟರು. ಅವರಿಗೂ ಇದೇ ಹುಚ್ಚು. ನಮ್ಮಿಬ್ಬರಲ್ಲಿ ಒಂದು ರೂಢಿಯಿತ್ತು: ಇನ್ನೊಬ್ಬನ ಹಂಚನ್ನು ಹೊಗಳಬಾರದು. ಹೊಗಳಿದರೆ ಬಿಟ್ಟುಕೊಡಲಿಕ್ಕಿಲ್ಲ, ಹೀಗಳೆದರೆ ಬೇಸತ್ತು ಒಂದು ದಿನ ಕೊಟ್ಟಾನು ಎಂಬ ಆಸೆ. ಅವರ ಬಳಿ ದೋಣಿಯ ಗುರುತಿನದೊಂದಿತ್ತು, ಹಾಯಿಯ ಮಡಿಕೆ ಕೂಡ ಕಾಣುವಂಥದ್ದು. ಅದನ್ನು ಕಂಡ ದಿನ ನನಗೆ ಊಟ ಸೇರಲಿಲ್ಲ. ಬಾಯಲ್ಲಿ ಮಾತ್ರ, “ಇದು ಗುಂಡಿ ತುಂಬಿಸ್ಲಿಕ್ಕೆ ಆದೀತು ಶೆಟ್ರೇ” ಎಂದಿದ್ದೆ. ಆಮೇಲೆ ಹೋದಾಗಲೆಲ್ಲ, ಅವರ ಮನೆಯವರ ಎದುರಿಗೇ, ಅದೇ ಮಾತು. ಅವರೇನೂ ಕಡಿಮೆಯಿಲ್ಲ. ನಮ್ಮಲ್ಲಿಗೆ ಬಂದು, ಸುಮತಿ ಕೊಟ್ಟ ಚಹಾ ಕುಡಿದು, ನನ್ನ ಮೊಲದ ಹಂಚನ್ನು ಮಗುವಿನ ಕೆನ್ನೆಯ ಹಾಗೆ ಸವರುತ್ತಾ, “ಅಕ್ಕಾ, ಇವರಿಗೆ ಯಾರೋ ಟೋಪಿ ಹಾಕಿದ್ದಾರೆ” ಎನ್ನುತ್ತಿದ್ದರು.

ಅಂಥವರ ಮುಂದೆ ಹೋಗಿ ನನ್ನ ಹಂಚಿನ ನಿಜವಾದ ಬೆಲೆ ಬರೆದುಕೊಡಿ ಎಂದು ಹೇಗೆ ಕೇಳುವುದು? ಕೇಳಿದರೆ, “ಮೊದಲು ನೀವು ನನ್ನದಕ್ಕೆ ಬರೀರಿ” ಎಂದಾರು. ಈ ಭಾನುವಾರ, ಬರುವ ಭಾನುವಾರ ಎಂದು ಎರಡು ತಿಂಗಳು ದೂಡಿದೆ. ಆಮೇಲೆ ಒಂದು ಬೆಳಿಗ್ಗೆ ಶೆಟ್ಟರು ಹೃದಯಾಘಾತದಿಂದ ತೀರಿಕೊಂಡರೆಂದು ಅವರ ಮಗ ಸುಧಾಕರ ಫೋನ್ ಮಾಡಿದ. ನಾಚಿಕೆ ಬಿಟ್ಟು ಹೇಳುತ್ತೇನೆ, ಫೋನ್ ಇಟ್ಟ ಕೂಡಲೇ ನನಗೆ ನೆನಪಾದದ್ದು ವಿಮೆಗೆ ಬೇಕಿದ್ದ ಬೆಲೆಯ ಪತ್ರ. ಅಳು ಬಂದದ್ದು ಆಮೇಲೆ, ಆದರೆ ಚೆನ್ನಾಗಿಯೇ ಬಂತು.

ಉತ್ತರಕ್ರಿಯೆಯ ದಿನ ಸುಮತಿಯೊಡನೆ ಕಾರಿನಲ್ಲಿ ಹೋದೆ. ಹಿಂದಿನ ವಾರವೆಲ್ಲ ಮಳೆ. ಅವರ ಗೇಟಿನ ಬಳಿ ಮಳೆಗಾಲದಲ್ಲಿ ಮೊಣಕಾಲುದ್ದ ಕೆಸರು ಇರುತ್ತದೆ. ಅಂದು ಕಾರು ಸಲೀಸಾಗಿ ಒಳಗೆ ಹೋಯಿತು. ಊಟವಾದ ಮೇಲೆ, ಏನಾದರೂ ಮಾತಾಡಬೇಕಲ್ಲ ಎಂದು, “ದಾರಿ ಒಳ್ಳೆದು ಮಾಡಿದ್ದೀಯ” ಎಂದು ಸುಧಾಕರನಿಗೆ ಹೇಳಿದೆ.

“ಅಪ್ಪನ ಹಂಚು ಇತ್ತಲ್ಲ ಮಾಸ್ಟ್ರೇ, ಅದನ್ನೇ ಹಾಕಿ ಗುದ್ದಿದೆವು. ನನಗೆ ಮನಸ್ಸಿರಲಿಲ್ಲ. ಆದ್ರೆ ಗುಂಡಿ ತುಂಬಿಸ್ಲಿಕ್ಕೆ ಆದೀತು ಅಂತ ನೀವೇ ಎಷ್ಟು ಸಲ ಹೇಳ್ಲಿಲ್ಲ? ನಿಮಗಿಂತ ಗೊತ್ತಿರುವವರು ಬೇರೆ ಯಾರುಂಟು?”

“ಎಲ್ಲವನ್ನೂ?” ಎಂದೆ.

“ಒಂದನ್ನೂ ಬಿಡ್ಲಿಲ್ಲ” ಎಂದ, ನಾನು ಮೆಚ್ಚಿಯೇನು ಎಂಬಂತೆ.

ಇಪ್ಪತ್ತು ವರ್ಷದಲ್ಲಿ ನನ್ನ ಮಾತನ್ನು ಒಬ್ಬರಾದರೂ ನಂಬಿದ್ದರಲ್ಲ ಎಂದು ಸಂತೋಷಪಡಬಹುದಿತ್ತು. ಹೊರಡುವಾಗ ಹಿಂದೆ ನಾಲ್ಕು ಕಾರುಗಳು ಸಾಲಾಗಿ ನಿಂತಿದ್ದವು. ಸುಧಾಕರ ಗೇಟಿನಲ್ಲಿ ಕೊಡೆ ಹಿಡಿದು, “ಬನ್ನಿ ಮಾಸ್ಟ್ರೇ, ಗಟ್ಟಿ ಉಂಟು, ಬನ್ನಿ” ಎಂದು ಕೈ ಬೀಸುತ್ತಿದ್ದ. ನಾನು ಎಂಜಿನ್ ಚಾಲೂ ಮಾಡಿದೆ, ಕಾರನ್ನು ಮುಂದೆ ಬಿಡಲಿಲ್ಲ.

ಸುಮತಿ ಕಿಟಕಿಯಿಂದ ನೆಲ ನೋಡುತ್ತಿದ್ದಳು. “ಒಳ್ಳೆ ಉಪಾಯ. ನಮ್ಮ ಗೇಟಿನ ಹತ್ರವೂ ಹೀಗೆ ಮಾಡುವ. ಶೆಟ್ರು ನಿಮ್ಮ ಹಂಚನ್ನು ನೋಡಿ ಯಾವಾಗ್ಲೂ ಹೇಳ್ತಿದ್ರಲ್ಲ, ಯಾರೋ ಟೋಪಿ ಹಾಕಿದ್ದಾರೆ ಅಂತ.”

ಶೆಟ್ಟರು ಹೇಳಿದ್ದು ಸುಳ್ಳು ಎಂದು ಹೇಳಲು ಬಾಯಿ ತೆರೆದೆ. ಹೇಳಿದರೆ ನಾನು ಹೇಳಿದ್ದೂ ಸುಳ್ಳೆಂದು ಒಪ್ಪಬೇಕಿತ್ತು, ಅದೂ ಅವರ ಮಗ ಎದುರು ನಿಂತಿರುವಾಗ. ಹಿಂದಿನ ಕಾರಿನವರು ಹಾರ್ನ್ ಹೊಡೆದರು. ಬಾಯಿ ಮುಚ್ಚಿ, ಶೆಟ್ಟರ ಹಂಚುಗಳ ಮೇಲೆ ಕಾರು ಓಡಿಸಿದೆ.