ಮಾವನ ಮೂರನೇ ಖಾನೆ

ನಮ್ಮ ಸೋದರಮಾವ ತಮ್ಮ ಮದುವೆಯಲ್ಲಿ ತಾಳಿಗೆ ಮೂರು ಗಂಟು ಹಾಕಿ, "ಮೂರಾದವು, ಬರಕೋರಿ" ಎಂದು ಅಯ್ಯನವರಿಗೆ ಹೇಳಿದರಂತೆ. ನಾನು ಆಗಿನ್ನೂ ಹುಟ್ಟಿರಲಿಲ್ಲ, ಆದರೂ ನಂಬುತ್ತೇನೆ. ಅವರನ್ನು ಒಂದು ದಿನ ಕಂಡವರು ಯಾರಾದರೂ ನಂಬುತ್ತಾರೆ!

ಎಣಿಸದೆ ಇರುವುದು ಅವರಿಂದ ಆಗುತ್ತಿರಲಿಲ್ಲ. ಎಣಿಸಿದ್ದನ್ನು ಬರೆಯದೆ ಇರುವುದಂತೂ ದೂರದ ಮಾತು. ಇಂಥವರನ್ನು ದೂರದಿಂದ ನೋಡಿ ನಗಬಹುದು. ನಾನೋ, ಸಿರುಗುಪ್ಪದ ಶಾಲೆಯಲ್ಲಿ ಮಾಸ್ತರಿಕೆ ಸಿಕ್ಕ ತಪ್ಪಿಗೆ ಅವರ ಮನೆಯಲ್ಲೇ ಉಂಡು ಅವರ ಮನೆಯಲ್ಲೇ ಮಲಗುವವನು. ನನಗೆಲ್ಲಿಯ ನಗು?

ನಿಜಾಮರ ಸೀಮೆಯಲ್ಲಿ ರಜಾಕಾರರ ಹಾವಳಿ ಎದ್ದ ಕಾಲವದು. ತುಂಗಭದ್ರೆಯ ಆಚೆ ದಡ ನಿಜಾಮರದು, ಈಚೆ ದಡ ನಮ್ಮ ಮದ್ರಾಸು ಸರಕಾರದ್ದು. ದಿನವೂ ಹರಿಗೋಲುಗಳಲ್ಲಿ ಜನ ಗಂಟುಮೂಟೆ ಹೊತ್ತು ಈಚೆಗೆ ಬರುತ್ತಿದ್ದರು. ಕೆಂಚನಗುಡ್ಡದ ಹತ್ತಿರ ಹೊಳೆಯ ದಂಡೆಗೆ ಒಂದು ತಟ್ಟಿಯ ಚೌಕಿ ಹಾಕಿ, ಬಂದವರ ಲೆಕ್ಕ ಬರೆಯಲು ಗುಮಾಸ್ತರಾಗಿ ಯಾರನ್ನು ಕೂಡಿಸಿದರು ಅಂತೀರಿ? ನಮ್ಮ ಮಾವನನ್ನು! ಸ್ಟೇಟ್‌ಮೆಂಟಿಗೆ ಮೂರು ಖಾನೆ: ಒಳಗೆ ಬಿಟ್ಟವರು, ತಡೆದು ಕೂರಿಸಿದವರು, ವಾಪಸು ಕಳಿಸಿದವರು. ವಾರಕ್ಕೊಮ್ಮೆ ಅದು ಬಳ್ಳಾರಿಯ ಕಚೇರಿಗೆ ಹೋಗಬೇಕು. ನನ್ನ ಅಕ್ಷರ ದುಂಡಗಿದ್ದುದರಿಂದ ನಕಲು ತೆಗೆಯುವ ಭಾಗ್ಯ ನನ್ನದು.

ಖಾನೆಗಳು ಚೌಕಿಯಲ್ಲೇ ಇದ್ದಿದ್ದರೆ ಸಹಿಸಬಹುದಿತ್ತು. ಅವು ಮನೆಗೂ ಬಂದವು. ಕುರುಗೋಡಿನಿಂದ ಅತ್ತೆಯ ಅಣ್ಣ ಬಂದರೆ ಬಾಗಿಲಲ್ಲೇ ತಡೆ.

"ಎಷ್ಟ ಮಂದಿ?"

"ನಾ ಒಬ್ಬನ ಅದೀನಿ. ಕಣ್ಣು ಕಾಣಂಗಿಲ್ಲೇನು?"

"ತಿರಗಿ ಯಾವಾಗ ಹೋಗ್ತೀರಿ?"

ಆ ಮನುಷ್ಯ ಹೆಗಲ ಚೀಲ ಕೆಳಗಿಳಿಸದೆ ಹಾಗೇ ಹೊರಟುಬಿಟ್ಟರು. ಅತ್ತೆ ಎರಡು ದಿನ ಮಾತು ಬಿಟ್ಟರು. ಮಾವ ಅದನ್ನೂ ಬರೆದುಕೊಂಡರು.

ಇನ್ನು ಹರಿಗೋಲಿನಲ್ಲೇ ಹೆರಿಗೆಯಾದ ದಿನದ ಪಾಡು ಕೇಳಬೇಡಿ! ಅಂಬಿಗ ಆಚೆ ದಡದಲ್ಲಿ ಹತ್ತಿಸಿದ್ದು ಎಂಟು ಜನ, ಈಚೆ ಇಳಿದದ್ದು ಒಂಬತ್ತು.

"ಎಂಟು ಹತ್ತಿದ್ರ ಒಂಬತ್ತು ಹೆಂಗ ಇಳೀತಾರಲೇ?"

"ನಡು ಹೊಳಿಯಾಗ ಒಂದು ಹುಟ್ಟೇತ್ರಿ ಯಪ್ಪಾ, ನಾ ಏನ ಮಾಡ್ಲಿ!"

"ನಡು ಹೊಳಿ ಯಾವ ಸರಕಾರದ್ದು?" ಎಂದು ಮಾವ ತಲೆಯ ಮೇಲೆ ಕೈ ಹೊತ್ತು ಕೂತರು. ಕೂಸು ಅಳುತ್ತಿದೆ, ಬಾಣಂತಿ ಬಿಸಿನೀರು ಕೇಳುತ್ತಿದ್ದಾಳೆ, ಇವರಿಗೆ ಖಾನೆಯ ಚಿಂತೆ! ಕೊನೆಗೆ ತಾಯಿಯನ್ನು ಒಳಗೆ ಬಿಟ್ಟರು, ಹುಟ್ಟಿ ಅರ್ಧ ಗಂಟೆಯಾಗದ ಕೂಸನ್ನು 'ತಡೆದು ಕೂರಿಸಿದವರು' ಖಾನೆಗೆ ಹಾಕಿದರು. ಕೂಸು ತಾಯಿಯ ಮಡಿಲಲ್ಲಿ ಕೂತೇ ಸಿರುಗುಪ್ಪಕ್ಕೆ ಹೋಯಿತು, ಅದು ಬೇರೆ ಮಾತು.

ಮೂರನೇ ಖಾನೆಯಲ್ಲಿ ಮಾತ್ರ ವಾರವಾರವೂ ಸೊನ್ನೆ. ಬಂದವರು ಈ ಕಡೆಯ ಗುರುತಿನವರೊಬ್ಬರ ಹೆಸರು ಹೇಳಬೇಕು, ಇಲ್ಲದಿದ್ದರೆ ವಾಪಸು ಎಂಬುದು ನಿಯಮ. ಮಾವ ಅಂಥವರನ್ನು ಹೆಸರು ನೆನಪಾಗುವ ತನಕ ಕೂರಿಸುತ್ತಿದ್ದರು. ಸಂಜೆಯೊಳಗೆ ಮೋಕ ಎಂಬ ಊರಿನಲ್ಲಿ ಬೀಗರ ಬೀಗರೊಬ್ಬರು ನೆನಪಾಗಿಯೇ ಆಗುತ್ತಿದ್ದರು. ಇದು ಎಷ್ಟು ದಿನ ನಡೆದೀತು? ಮೇಲಿನಿಂದ ಕಾಗದ ಬಂತು. ಒಬ್ಬರನ್ನೂ ವಾಪಸು ಕಳಿಸಿಲ್ಲವೆಂದರೆ ತಪಾಸಣೆಯೇ ನಡೆದಿಲ್ಲವೆಂದು ಅರ್ಥ, ಭಾನುವಾರ ಸಾಹೇಬರು ಖುದ್ದಾಗಿ ಬರುತ್ತಾರೆ, ಅಂದೂ ಸೊನ್ನೆಯಾದರೆ ಬೇರೆ ಗುಮಾಸ್ತರನ್ನು ನೋಡಿಕೊಳ್ಳಲಾಗುವುದು.

"ಒಂದು ಸುಳ್ಳ ಅಂಕಿ ಬರದ್ರ ನಿಮ್ಮ ಕೈ ಸೇದಿ ಹೋಗತೈತೇನು?" ಎಂದು ಅತ್ತೆ ರೇಗಿದರು.

"ಅಂಕಿ ಸುಳ್ಳಾಗಬಾರದು."

"ಹಂಗಾರ ಯಾರನ್ನರ ಕಳಿಸ್ರಿ!"

"ಕಳಿಸಿದವರಿಗೆ ಆಚಿ ಕಡಿ ಏನಾಗತೈತಿ, ಗೊತ್ತೈತೇನು?"

ಗೊತ್ತಿತ್ತು. ಅತ್ತೆ ಎದ್ದು ಒಲೆಯ ಕಡೆ ಹೋದರು.

ಶನಿವಾರ ಸಂಜೆಯ ಹರಿಗೋಲಿಗೆ ಒಬ್ಬಳು ಅಜ್ಜಿ ಬಂದಳು. ಆಚೆ ಅವಳ ಮನೆ ಸುಟ್ಟಿತ್ತು, ಜೊತೆಗೆ ಯಾರೂ ಇರಲಿಲ್ಲ. ಈ ಕಡೆ ಗುರುತಿನವರು ಯಾರೆಂದು ಎಷ್ಟು ಕೇಳಿದರೂ ಒಂದು ಹೆಸರು ನೆನಪಾಗಲಿಲ್ಲ. ತಾಮ್ರದ ತಂಬಿಗೆ ಹಿಡಿದುಕೊಂಡು ಚೌಕಿಯ ಮೂಲೆಯಲ್ಲಿ ಕೂತೇ ಇದ್ದಳು. ಭಾನುವಾರ ಆಕೆಯನ್ನು ಕಳಿಸಬೇಕು, ಇಲ್ಲವೇ ಮಾವನ ನೌಕರಿ ಹೋಗಬೇಕು.

ಬೆಳಿಗ್ಗೆ ಮಾವ ನನ್ನನ್ನು ಚೌಕಿಗೆ ಕರೆದೊಯ್ದು ಹೇಳಿದರು: "ಲೇ, ಆಚಿ ದಡಕ್ಕ ಹೋಗಿ ಎಷ್ಟ ಮಂದಿ ಕಾಯಾಕತ್ತಾರ ಎಣಿಸ್ಕೊಂಡ ಬಾ."

ಭಾನುವಾರವೂ ಎಣಿಕೆಯೇ! ಗೊಣಗುತ್ತಾ ಹೋದೆ, ಐದು ಜನರನ್ನು ಎಣಿಸಿ ಅವರ ಜೊತೆಗೇ ಮರಳಿದೆ. ಅಷ್ಟರಲ್ಲಿ ಸಾಹೇಬರು ಬಂದು ಕುರ್ಚಿಯಲ್ಲಿ ಕೂತಿದ್ದರು, ಅಜ್ಜಿ ಮೂಲೆಯಿಂದಲೇ ಎಲ್ಲ ನೋಡುತ್ತಿದ್ದಳು. ಐವರ ಹೆಸರೂ ಬರೆದಾಯಿತು. ಮಾವ ಕತ್ತೆತ್ತಿ ನನ್ನನ್ನು ಈ ಜನ್ಮದಲ್ಲಿ ಕಂಡೇ ಇಲ್ಲವೆಂಬಂತೆ ನೋಡಿದರು.

"ಈ ಕಡಿ ನಿನ್ನ ಗುರುತಿನವರು ಯಾರದಾರ?"

"ಮಾವಾ!"

"ಯಾವ ಮಾವ?"

"ನೀವರೀ! ತಲಿಗಿಲಿ ಕೆಟ್ಟೈತೇನು?"

ಮಾವ ಸಾಹೇಬರ ಕಡೆ ತಿರುಗಿದರು. "ನೋಡ್ರಿ ಸಾಹೇಬ್ರ, ಬಂದವರೆಲ್ಲ ನನ್ನ ಮಾವ ಅಂತಾರ. ದಿನಾ ಇದ ಗೋಳು."

ಸಾಹೇಬರು ನಕ್ಕು ಕೈ ಬೀಸಿದರು. ಪೇದೆ ನನ್ನ ರಟ್ಟೆ ಹಿಡಿದು ಹರಿಗೋಲಿಗೆ ಹತ್ತಿಸಿದ. ಅವನ ಮಗನಿಗೆ ನಾನೇ ಮಗ್ಗಿ ಕಲಿಸಿದ್ದೆ! ನನ್ನ ಮುಖ ಮಾತ್ರ ನೋಡಲಿಲ್ಲ.

ಆಚೆ ದಡದ ಜಾಲಿ ಗಿಡದ ಕೆಳಗೆ ಇಡೀ ಹಗಲು ಕೂತೆ. ದೂರದಲ್ಲಿ ಧೂಳೆದ್ದರೆ ಗಿಡದ ಹಿಂದೆ ಅಡಗುತ್ತಿದ್ದೆ. ಅಂಬಿಗನೋ, ಹೊಳೆಯಲ್ಲಿ ಸ್ವಲ್ಪ ದೂರಕ್ಕೆ ಹರಿಗೋಲು ನಿಲ್ಲಿಸಿ ಬೀಡಿ ಸೇದುತ್ತಿದ್ದ. ಕೂಗಿದರೆ ಕೈ ಬೀಸುತ್ತಿದ್ದ. ಮಾವನ ವಂಶವನ್ನೆಲ್ಲ ಬಯ್ದೆ, ನನ್ನ ತಾಯಿಯೂ ಅದೇ ವಂಶದವಳೆಂಬುದು ಮರೆತುಹೋಗಿತ್ತು. ಸಂಜೆ ಸಾಹೇಬರ ಜೀಪು ಹೋದ ಮೇಲೆ ಅಂಬಿಗ ಬಂದ. "ಬರ್ರಿ ಮಾಸ್ತರ, ಖಾನಿ ತುಂಬೇತಿ!"

ಮನೆಗೆ ಬಂದಾಗ ಮಾವ ಕಟ್ಟೆಯ ಮೇಲೆ ಕೂತಿದ್ದರು. "ಬಂದೇನು? ನಕಲು ತಗಿ" ಎಂದು ಸ್ಟೇಟ್‌ಮೆಂಟು ಚಾಚಿದರು. ಕಸಿದುಕೊಂಡು ನೋಡಿದೆ. ವಾಪಸು ಕಳಿಸಿದವರು: ಒಬ್ಬ. ಒಳಗೆ ಬಿಟ್ಟವರಲ್ಲಿ ಆ ಅಜ್ಜಿ, ಗುರುತಿನವರು ಸಿರುಗುಪ್ಪದ ಶಾಲಾ ಮಾಸ್ತರರು, ಅಂದರೆ ನಾನು! ನನ್ನ ಗುರುತಿನ ಮೇಲೆ ಆಕೆ ಒಳಗೆ, ಗುರುತಿನವರೇ ಇಲ್ಲದೆ ನಾನು ಹೊರಗೆ!

"ನನಗೇನರ ಆಗಿದ್ರ?" ಎಂದು ಕೂಗಿದೆ.

"ಅಂಬಿಗಗ ನಿನ್ನ ಬಿಟ್ಟು ಸರೀಬ್ಯಾಡ ಅಂದಿದ್ನಿ" ಎಂದರು ಮಾವ. "ನೀ ಹೋದ್ರ ತಿರಗಿ ಬರ್ತಿದ್ದಿ. ಆಕಿ ಹೋದ್ರ ಬರ್ತಿದ್ದಿಲ್ಲಲೇ."

ಒಳಗೆ ಹೋದೆ. ಅಡುಗೆಮನೆಯಲ್ಲಿ ಅಜ್ಜಿ ರೊಟ್ಟಿಯ ತಾಟಿನ ಮುಂದೆ ಕೂತಿದ್ದಳು, ರೊಟ್ಟಿ ಮುಟ್ಟಿರಲಿಲ್ಲ.

"ಮುಂಜಾನಿಂದ ಒಂದು ತುತ್ತು ಉಂಡಿಲ್ಲ" ಎಂದು ಅತ್ತೆ ಬೇಸರದಿಂದ ಹೇಳಿದರು. "ಯಾರೋ ಪಾಪದ ಹುಡುಗನ್ನ ತಿರಗಿ ಕಳಿಸಿದ್ರಂತ, ಅವನ್ನ ನೆನಸಿ ನೆನಸಿ ಅಳಾಕತ್ತಾಳ."

ಅಜ್ಜಿ ತಲೆಯೆತ್ತಿ ನನ್ನನ್ನು ನೋಡಿದಳು. ಕಣ್ಣು ಕಿರಿದು ಮಾಡಿ ಇನ್ನೊಮ್ಮೆ ನೋಡಿದಳು. ಆಮೇಲೆ ಸರಿದು ಪಕ್ಕದಲ್ಲಿ ಜಾಗ ಮಾಡಿ, ತಾಟನ್ನು ನನ್ನ ಕಡೆ ತಳ್ಳಿದಳು.

"ಬಿಟ್ರೇನಪ್ಪಾ ನಿನ್ನೂ? ಬಾ, ಕೂಡು. ಉಣ್ಣೋಣು."