ಗ್ಲ್ಯಾಡಿಸ್ ಬಾಯಿಯವರ ಬ್ಲಾಗಿಗೆ ನಿರಾಕ್ಷೇಪಣಾ ಪತ್ರ

ಸರಕಾರಿ ನೌಕರರು ಜೀವನದಿಂದ ಪಾಠ ಕಲಿಯುವುದಕ್ಕೆ ಯಾವ ನಿರ್ಬಂಧವೂ ಇಲ್ಲ. ಕಲಿತದ್ದನ್ನು ಹೊರಗೆ ಹೇಳಬೇಕಾದರೆ ಮಾತ್ರ ಪೂರ್ವಾನುಮತಿ ಬೇಕು. ಕಾರ್ಕಳದ ವಾಸ್ತವ್ಯ ದೃಢೀಕರಣ ಉಪಕಚೇರಿಯ ಗ್ಲ್ಯಾಡಿಸ್ ಬಾಯಿಯವರಿಗೆ ಇದು ತಿಳಿದದ್ದು 2007ರಲ್ಲಿ, ನಿವೃತ್ತಿಗೆ ಎಂಟು ತಿಂಗಳಿರುವಾಗ.

ಮಣಿಪಾಲದಲ್ಲಿ ಓದುತ್ತಿದ್ದ ಅಕ್ಕನ ಮಗಳು ಸ್ಯಾಂಡ್ರಾ ಅವರಿಗೊಂದು ಬ್ಲಾಗ್ ಮಾಡಿಕೊಟ್ಟಿದ್ದಳು. ಅದರಲ್ಲಿ ಬಾಯಿಯವರಿಗೆ ಬರೆಯಬೇಕಾಗಿದ್ದದ್ದು ಒಂದೇ ಸಂಗತಿ. ಬಜಗೋಳಿಯ ರಸ್ತೆ ಕೆಲಸಕ್ಕೆ ಬಾಗಲಕೋಟೆ ಕಡೆಯಿಂದ ಬಂದಿದ್ದ ಯಮನವ್ವ ರೇಶನ್ ಕಾರ್ಡಿಗಾಗಿ ವಾಸ್ತವ್ಯ ಪತ್ರ ಕೇಳಿದ್ದಳು. ಫೋಟೋದಲ್ಲಿ ತಲೆಯ ಮೇಲೆ ಸೆರಗಿತ್ತು, ಕಿವಿ ಕಾಣುತ್ತಿರಲಿಲ್ಲ. ಆ ಎರಡು ಕಿವಿಗಳ ಸಲುವಾಗಿ ಬಾಯಿಯವರು ಅವಳನ್ನು ಹನ್ನೊಂದು ಸಲ ವಾಪಸು ಕಳಿಸಿದರು. ಹನ್ನೆರಡನೆಯ ಸಲ ಅವಳು ಬರಲೇ ಇಲ್ಲ. ಅಂದಿನಿಂದ ಬಾಯಿಯವರು ದಿನವೂ ಬಾಗಿಲ ಕಡೆ ನೋಡುತ್ತಿದ್ದರು. ಕುರ್ಚಿಯಲ್ಲಿರುವಾಗಲೇ, ತನ್ನ ಹೆಸರಿನಲ್ಲೇ ತಪ್ಪೊಪ್ಪಿಕೊಂಡು ಕ್ಷಮೆ ಕೇಳಬೇಕೆಂಬುದು ಅವರ ಹಟ. ಪಿಂಚಣಿ ಶುರುವಾದ ಮೇಲೆ ಎಲ್ಲರೂ ಸತ್ಯವಂತರೇ.

ಬ್ಲಾಗಿಗೆ ಅನುಮತಿ ಕೋರಿದ ಅವರ ಅರ್ಜಿ ಓದಿ ಮೇಲ್ವಿಚಾರಕಿ ಗುಣವತಿ ಮೇಡಂ ಕನ್ನಡಕ ತೆಗೆದು ಒರೆಸಿದರು.

"ಪಾಠ ಎಲ್ಲ ಸರಿ ಉಂಟು ಗ್ಲ್ಯಾಡಿಸ್. ಕಲಿಸಿದವರ ಒಪ್ಪಿಗೆ ಎಲ್ಲಿ ಉಂಟು?"

ತಾನು ಕಲಿಸಿದ್ದೇ ಯಮನವ್ವನಿಗೆ ಗೊತ್ತಿಲ್ಲವಲ್ಲ ಎಂದರು ಬಾಯಿಯವರು. ಗೊತ್ತಿಲ್ಲದೆ ಕಲಿಸಿದವರಿಗೂ ನಿಯಮ ಅನ್ವಯಿಸುತ್ತದೆ ಎಂದು ಮೇಡಂ ಸಮಾಧಾನ ಹೇಳಿ, 'ಜೀವನ ಪಾಠ ಪ್ರಕಟಣೆ' ಎಂಬ ಕಡತ ತೆರೆಸಿದರು. ಅದರ ನಮೂನೆಯಲ್ಲಿ ಪಾಠ ಕಲಿತ ದಿನಾಂಕ, ಸ್ಥಳ ಮತ್ತು ಕಲಿಯುವುದಕ್ಕೆ ಮುಂಚಿನ ನಡತೆಯನ್ನು ತುಂಬಬೇಕಿತ್ತು. ಬ್ಲಾಗಿಗೆ ಬರುವ ಓದುಗರ ಪ್ರತಿಕ್ರಿಯೆಗಳನ್ನು ಆವಕ ಪುಸ್ತಕದಲ್ಲಿ ದಾಖಲಿಸಿ, ಮೂವತ್ತು ದಿನಗಳೊಳಗೆ ಹಿಂಬರಹ ನೀಡತಕ್ಕದ್ದು ಎಂದೂ ಇತ್ತು.

ಬಾಯಿಯವರು ಎರಡು ಭಾನುವಾರ ಇಗರ್ಜಿಯ ಪೂಜೆ ತಪ್ಪಿಸಿ ಊರೂರು ಹುಡುಕಿದರು. ಕಡೆಗೆ ಕಾಪುವಿನಲ್ಲಿ ಕಟ್ಟಡದ ಕೆಲಸದಲ್ಲಿದ್ದ ಯಮನವ್ವನನ್ನು, ಏನೋ ಹೇಳುವುದಿದೆ, ಅದಕ್ಕೊಂದು ಹೆಬ್ಬೆಟ್ಟು ಬೇಕು ಎಂದಷ್ಟೇ ಹೇಳಿ ಕಚೇರಿಗೆ ಕರೆತಂದರು. ಅವಳು ಕೈ ಚಾಚಿದಾಗ ಮೇಡಂ ತಡೆದರು. ಒಪ್ಪಿಗೆ ಕೊಡುವವರು ಇಲ್ಲಿನ ವಾಸಿಗಳೆಂಬ ಪತ್ರ ಲಗತ್ತಿಸಬೇಕಿತ್ತು.

"ಅದನ್ನ ಅಲ್ಲೇನ್ರಿ ನಾ ಹನ್ನೊಂದು ಸಲ ಕೇಳಿದ್ದು?" ಎಂದಳು ಯಮನವ್ವ.

ಈಗಲೇ ಬರೆದುಕೊಡುತ್ತೇನೆಂದು ಬಾಯಿಯವರು ಪೆನ್ನು ತೆಗೆದರು. ಆ ಕಚೇರಿಯಲ್ಲಿ ಪತ್ರ ಕೊಡುವ ಅಧಿಕಾರವಿದ್ದದ್ದು ಅವರೊಬ್ಬರಿಗೇ.

"ನೀವು ಕೊಡುವ ಹಾಗಿಲ್ಲ," ಎಂದರು ಮೇಡಂ. "ಪಾಠದ ಫಲಾನುಭವಿ ನೀವು. ನೀವೇ ಸಹಿ ಹಾಕಿದರೆ ನಾಳೆ ಆಕ್ಷೇಪ ಬರ್ತದೆ, ಅಲ್ವಾ?"

ಸ್ಪಷ್ಟೀಕರಣ ಕೋರಿ ಕಡತ ಉಡುಪಿಗೆ ಹೋಯಿತು. ಕಲಿತ ಪಾಠ ಚರಾಸ್ತಿಯೋ ಸ್ಥಿರಾಸ್ತಿಯೋ ಎಂದು ಉಡುಪಿಯವರು ತಿರುಗಿ ಕೇಳಿದರು. ಈ ನಡುವೆ ಬ್ಲಾಗಿಗೆ ಷರತ್ತುಬದ್ಧ ಅನುಮತಿ ದೊರೆತು, ಶೀರ್ಷಿಕೆ ಮತ್ತು ಮೇಡಂ ಅವರ ಶುಭಾಶಯ ಮಾತ್ರ ಪ್ರಕಟವಾದವು. ಬಾಯಿಯವರು ನಿವೃತ್ತರೂ ಆದರು. ಅವರ ಕುರ್ಚಿಗೆ ಇನ್ನೂ ಯಾರೂ ಬಂದಿಲ್ಲ.

ಈಗ ಕಡತ ಏನಾಯಿತೆಂದು ಕೇಳಲು ಪ್ರತಿ ಸೋಮವಾರ ಬಾಯಿಯವರೂ ಯಮನವ್ವನೂ ಕಚೇರಿಯ ಬೆಂಚಿಗೆ ಬರುತ್ತಾರೆ. ಮೊದಲು ಬಂದವರು ಇನ್ನೊಬ್ಬರಿಗೆ ಜಾಗ ಹಿಡಿದಿಡುತ್ತಾರೆ. ಯಮನವ್ವ ಬುತ್ತಿ ಬಿಚ್ಚಿ ಅರ್ಧ ರೊಟ್ಟಿ ಕೊಡುತ್ತಾಳೆ.

"ನನಗ ಏನೋ ಹೇಳೋದೈತಿ ಅಂತಿದ್ರಲ್ರಿ ಬಾಯಾರ?" ಎಂದು ಒಮ್ಮೆ ಕೇಳಿದಳು.

ಬಾಯಿಯವರ ಕಣ್ಣು ತುಂಬಿತು. ಆದರೂ ವಿಷಯ ಕಡತದಲ್ಲಿರುವಾಗ ಬರಿಮಾತಿನಲ್ಲಿ ಹೇಳುವುದು ಕ್ರಮವಲ್ಲ ಎಂದರು.

ಯಮನವ್ವ ತಲೆಯಾಡಿಸಿದಳು. ಕ್ರಮ ಅಂದರೆ ಕ್ರಮ, ಆಕೆಗೂ ಅದು ಸರಿಯೆನಿಸಿತು.