ಹತ್ತು ಗಂಟೆ ಸೈರನ್ನಿಗೆ ಬರುತ್ತಿದ್ದ ಅಳಿಯ

ಉಡ ಓಡಾಡುವ ಜಾಗದಲ್ಲಿ ದಿನಾ ಒಂದಲ್ಲ ಒಂದು ಎಡವಟ್ಟು ಆಗುತ್ತಲೇ ಇರುತ್ತದೆ. ಏನೂ ಆಗಲಿಲ್ಲ ಅಂದರೆ ಅವತ್ತು ಉಡ ಬಂದಿಲ್ಲ ಅಂತ ತಿಳಿಯಬೇಕು.

ಪೀಣ್ಯದಲ್ಲಿ ನಟ್ಟು ಬೋಲ್ಟು ಮಾಡುವ ಒಂದು ಫ್ಯಾಕ್ಟರಿಗೆ ನಾನು ವಾಚ್‌ಮನ್ ಆಗಿದ್ದೆ. ತುಮಕೂರು ರಸ್ತೆಯಲ್ಲಿ ಮೆಟ್ರೋಗೆ ಕಂಬ ಎಬ್ಬಿಸುತ್ತಿದ್ದ ಕಾಲ. ಕಾಂಪೌಂಡಿನ ಹಿಂದುಗಡೆ ಒಂದು ಶೀಟಿನ ರೂಮು ಕೊಟ್ಟಿದ್ದರು. ನಾನು, ನನ್ನ ಹೆಂಡತಿ, ಅವಳ ನಾಲ್ಕು ಕೋಳಿ. ಗೋಡೆಯಾಚೆ ರಾಜಕಾಲುವೆ. ಗೋಡೆ ಬುಡದಲ್ಲಿ ಮಳೆನೀರು ಹೋಗಲು ಒಂದು ಕಿಂಡಿ. ಉಡ ಬರುತ್ತಿದ್ದದ್ದು ಆ ಕಿಂಡಿಯಿಂದ.

ಹೆಂಡತಿ ಈಗ ಇಲ್ಲ. ಉಡದ ಮಾತು ತೆಗೆದರೆ ಅವಳ ಮಾತೂ ಬರುತ್ತದೆ. ಅದಕ್ಕೇ ತೆಗೆಯುತ್ತೇನೆ.

ಮೊಟ್ಟೆ ಕಳ್ಳ

ಬುಟ್ಟಿಯಲ್ಲಿ ಮೊಟ್ಟೆ ಕಾಣೆಯಾಗುತ್ತಿತ್ತು. ಮೊದಲ ಅನುಮಾನ ನನ್ನ ಮೇಲೆ.

"ಬಾಯಿ ತೆಗೀರಿ," ಅಂದಳು.

ತೆಗೆದೆ. ಮೂಸಿ ನೋಡಿದಳು.

"ಮೊಟ್ಟೆ ವಾಸನೆ ಇಲ್ಲ. ಬೀಡಿ ವಾಸನೆ ಇದೆ. ಬಿಟ್ಟೆ ಅಂದಿದ್ರಲ್ಲ?"

ಮೊಟ್ಟೆ ವಿಷಯದಲ್ಲಿ ಪಾರಾದೆ. ಬೀಡಿಗೆ ಸಾಯಂಕಾಲದವರೆಗೂ ಬೈಸಿಕೊಂಡೆ.

ಮೂರನೇ ದಿನ ಕಳ್ಳ ಸಿಕ್ಕಿಬಿದ್ದ. ಒಂದು ಉಡ, ಕೋಳಿ ಬುಟ್ಟಿಯೊಳಗೆ ತಲೆ ತೂರಿಸಿ ನಿಂತಿತ್ತು. ಬಾಲ ಸೇರಿಸಿದರೆ ನನ್ನ ತೋಳಿಗಿಂತ ಉದ್ದ. ನಾನು ಗೇಟಿನ ತನಕ ಓಡಿದೆ. ಅವಳು ನಿಂತಲ್ಲೇ ನಿಂತು ಸೊಂಟದ ಮೇಲೆ ಕೈ ಇಟ್ಟಳು.

"ಯಾಕೋ, ಬಾಯಿ ಬಿಟ್ಟು ಕೇಳೋಕೆ ಏನಾಗಿತ್ತು ನಿಂಗೆ?"

ಮಾರನೇ ದಿನದಿಂದ ಬುಟ್ಟಿಗೆ ಮುಚ್ಚಳ ಬಂತು. ಉಡಕ್ಕೆ ಅಂತ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಒಂದು ಮೊಟ್ಟೆ ಬಂತು. ಉಡ ಹೊತ್ತಿಗೆ ಸರಿಯಾಗಿ ಬರುತ್ತಿತ್ತು. ಮಾತಿಲ್ಲ ಕತೆಯಿಲ್ಲ. ತಿನ್ನುತ್ತಿತ್ತು, ಹೋಗುತ್ತಿತ್ತು.

"ಥೇಟು ಅಳಿಯ," ಅಂದಳು. ಅದೇ ಹೆಸರು ನಿಂತಿತು. ನಮಗೆ ಮಕ್ಕಳಿಲ್ಲ. ಮಗಳಿಲ್ಲದೆ ಅಳಿಯ ಸಿಕ್ಕಿದ. "ಅಳಿಯಂದ್ರು ಬಂದ್ರು, ಜಾಗ ಬಿಡ್ರೀ," ಅನ್ನುತ್ತಿದ್ದಳು. ನಾನೂ ಅವರ ಮನೆ ಅಳಿಯನೇ. ಅಷ್ಟು ಮರ್ಯಾದೆ ನನಗೆ ಯಾವತ್ತೂ ಸಿಕ್ಕಿಲ್ಲ.

ಶನಿವಾರ ಮಾತ್ರ ಕಲ್ಲು ಖಾಲಿ. ಶನಿವಾರ ಅವಳು ಮೊಟ್ಟೆ ಮುಟ್ಟುತ್ತಿರಲಿಲ್ಲ, ದೇವರ ದಿನ. ಉಡ ಬಂದು ಕಲ್ಲು ನೆಕ್ಕಿ, ಅವಳ ಮುಖ ನೋಡುತ್ತಿತ್ತು.

"ಪಾಪ ಕಣೇ, ಅದಕ್ಕೇನು ಗೊತ್ತು ವಾರ?" ಅಂದೆ.

"ಈ ಮನೇಲಿ ಉಣ್ಣೋದಾದ್ರೆ ಈ ಮನೆ ಪದ್ಧತಿ," ಅಂದಳು. "ನೀವು ಕಲೀಲಿಲ್ವಾ?"

ಕರೆಂಟು ಹೋದ ದಿನ

ಬೆಳಗ್ಗೆ ಹತ್ತಕ್ಕೆ ಫ್ಯಾಕ್ಟರಿಯಲ್ಲಿ ಟೀ ಸೈರನ್. ಅವಳು ಮೊಟ್ಟೆ ಇಡುತ್ತಿದ್ದದ್ದೂ ಆಗಲೇ. ಒಂದೇ ತಿಂಗಳಲ್ಲಿ ಉಡ ಅದನ್ನು ಕಲಿಯಿತು. ಸೈರನ್ ಕೂಗಿದರೆ ಸಾಕು, ಕಿಂಡಿಯಲ್ಲಿ ತಲೆ ಕಾಣಿಸುತ್ತಿತ್ತು.

ಮೊದಮೊದಲು ಕಾಗೆಗಳು ಪೈಪೋಟಿಗೆ ಬಂದವು. ಒಂದು ಕಾಗೆ ಮೊಟ್ಟೆಗೆ ಕೊಕ್ಕು ಹಾಕಿತು. ಉಡ ಬಾಲ ಬೀಸಿತು. ಕಾಗೆ ಮೂರು ಪಲ್ಟಿ ಹೊಡೆದು ಹಾರಿಹೋಯಿತು. ಆಮೇಲೆ ಆ ಕಲ್ಲಿನ ಹತ್ತಿರ ಒಂದು ಕಾಗೆಯೂ ಸುಳಿಯಲಿಲ್ಲ.

ಫ್ಯಾಕ್ಟರಿಯಲ್ಲಿ ರಾಯಚೂರು ಕಡೆಯ ಹುಡುಗರು ತುಂಬಾ ಇದ್ದರು. ಅವರಿಗೆ ಹಿಂದಿನ ಕಿಟಕಿಯಿಂದ ನಮ್ಮ ಕಲ್ಲು ಕಾಣುತ್ತಿತ್ತು. ಒಂದು ದಿನ ಕರೆಂಟು ಹೋಯಿತು. ಸೈರನ್ ಆಗಲಿಲ್ಲ. ಉಡ ತನ್ನ ಪಾಡಿಗೆ ತಾನು ಬಂತು. ಹುಡುಗರು ಕೈಯಲ್ಲಿದ್ದ ಕೆಲಸ ಬಿಟ್ಟು ಸಾಲಾಗಿ ಟೀ ಕುಡಿಯಲು ಹೊರಟರು. ಸೂಪರ್‌ವೈಸರ್ ಅಡ್ಡ ನಿಂತ.

"ಏಯ್, ಎಲ್ಲಿಗ್ರೋ? ಸೈರನ್ ಆಗಿಲ್ಲ!"

"ಉಡ ಬಂದೈತ್ರಿ ಸಾರ್," ಅಂದ ಒಬ್ಬ.

"ಉಡ ಬಂದ್ರೆ?"

"ಹತ್ತಾತ್ರಿ."

ಸೂಪರ್‌ವೈಸರ್ ವಾಚ್ ನೋಡಿಕೊಂಡ. ಸರಿಯಾಗಿ ಹತ್ತು. ಸೀದಾ ನನ್ನ ಹತ್ತಿರ ಬಂದ.

"ವಾಚ್‌ಮನ್, ಇನ್ಮೇಲೆ ಕರೆಂಟಿಲ್ಲದ ದಿನ ಉಡ ಬಂದ ತಕ್ಷಣ ಮೊದಲು ನನಗೆ ಹೇಳ್ಬೇಕು. ವರ್ಕರ್ಸ್‌ಗೆ ಅಲ್ಲ."

ಖಾಕಿಯವರು

ಯಾರೋ ಪುಕಾರು ಹೇಳಿದ್ದರು, ವಾಚ್‌ಮನ್ ಉಡ ಸಾಕಿದ್ದಾನೆ ಅಂತ. ಫಾರೆಸ್ಟಿನವರೊಬ್ಬರು ಬೈಕಿನಲ್ಲಿ ಬಂದರು.

"ಉಡ ಸಾಕೋ ಹಾಗಿಲ್ಲ. ಜೈಲಾಗುತ್ತೆ ಗೊತ್ತಾ? ಎಲ್ಲಮ್ಮ ಬೋನು?"

"ಬೋನಿಲ್ಲ ಸಾರ್," ಅಂದಳು ಹೆಂಡತಿ.

"ಹಗ್ಗ?"

"ಬಟ್ಟೆ ಒಣಗ್ಹಾಕೋ ಹಗ್ಗ ಇದೆ. ಉಡ ಕಟ್ಟೋಕೆ ಹಗ್ಗ ಇಲ್ಲ. ಬರುತ್ತೆ, ಹೋಗುತ್ತೆ. ನಾವು ಸಾಕಿಲ್ಲ ಸಾರ್, ಅದೇ ನಮ್ಮನ್ನ ಇಟ್ಕೊಂಡಿದೆ."

ಒಳ್ಳೇ ಮನುಷ್ಯ. ಕೂರಿಸಿ ಬುದ್ಧಿ ಹೇಳಿದರು. ಹಿಡೀಬಾರದು, ಕಟ್ಟಬಾರದು, ಮುಟ್ಟಬಾರದು. ಮೊಟ್ಟೆಯ ಚಾಳಿ ಬಿಡಿಸಬೇಕು. "ನೀವು ಒಳ್ಳೇವ್ರು ಅಂತ ಅದು ಎಲ್ಲರನ್ನೂ ನಂಬುತ್ತೆ ಅಮ್ಮ. ಮನುಷ್ಯರ ಭಯ ಹೋಯ್ತು ಅಂದ್ರೆ ಯಾರಾದ್ರೂ ಚೀಲಕ್ಕೆ ಹಾಕ್ಕೊಂಡು ಹೋಗಿ ಸಾರು ಮಾಡ್ತಾರೆ."

ಅವಳ ಮುಖ ಸಣ್ಣದಾಯಿತು. ಅಷ್ಟರಲ್ಲಿ ಸೈರನ್ ಕೂಗಿತು. ಉಡ ಬಂತು. ಖಾಕಿಯವರು ಎದ್ದವರೇ ನನ್ನ ಹೆಂಡತಿಯ ಹಿಂದೆ ಹೋಗಿ ನಿಂತರು.

"ಸಾರ್, ನೀವು ಫಾರೆಸ್ಟಿನೋರಲ್ವಾ?"

"ನಂದು ಆಫೀಸ್ ಡ್ಯೂಟಿ ಅಮ್ಮ," ಅಂದರು, ಹಿಂದಿನಿಂದಲೇ.

ಅವತ್ತಿನಿಂದ ಅವಳು ಪೂರ್ತಿ ಬದಲಾದಳು. ಮೊಟ್ಟೆ ವಾರಕ್ಕೆ ಒಂದಕ್ಕೆ ಇಳಿಯಿತು. ಇಟ್ಟು ಬಾಗಿಲು ಹಾಕಿಕೊಂಡು ಕಿಟಕಿಯಿಂದ ನೋಡುತ್ತಿದ್ದಳು. ಬೇರೆ ಯಾರಾದರೂ ಹತ್ತಿರ ಹೋದರೆ ತಟ್ಟೆ ಬಡಿದು ಉಡವನ್ನು ಓಡಿಸುತ್ತಿದ್ದಳು. ಓಡಿಸಿದ ಮೇಲೆ ಅವಳಿಗೇ ಊಟ ಸೇರುತ್ತಿರಲಿಲ್ಲ. ಉಡ ಮಾತ್ರ ಕಲ್ಲು ನೋಡಿಕೊಂಡು ಹೋಗಲು ದಿನಾ ಬರುತ್ತಿತ್ತು. ಸೈರನ್ ಕೇಳಿ ಬಾರದೆ ಇರಲು ಅದಕ್ಕೆ ಆಗಲಿಲ್ಲ.

ಭಾಮೈದನ ಪಂಚೆ

ಚೀಲ ಹಿಡಿದುಕೊಂಡು ಬಂದವನು ಹೊರಗಿನವನಲ್ಲ. ಅವಳ ಸ್ವಂತ ತಮ್ಮ. ಚಿಕ್ಕಬಾಣಾವರದಲ್ಲಿ ಮನೆ. ಅವನಿಗೆ ಮಂಡಿ ನೋವು. ಉಡದ ಸಾರು ಕುಡಿದರೆ ಮಂಡಿ ಕಬ್ಬಿಣ ಆಗುತ್ತದೆ ಅಂತ ಯಾರೋ ತಲೆಗೆ ತುಂಬಿದ್ದರು.

"ಭಾವ, ಒಂದೇ ಒಂದು ಸಲ. ಅಕ್ಕನಿಗೆ ಹೇಳ್ಬೇಡಿ."

ನಾನು ಬೇಡ ಅಂದೆ. ಜೋರಾಗಿ ಹೇಳಲಿಲ್ಲ. ನನಗೆ ಜೋರಾಗಿ ಹೇಳಲು ಬರುವುದಿಲ್ಲ.

ಒಂದು ಭಾನುವಾರ ಅವಳು ರೇಷನ್ನಿಗೆ ಹೋಗಿದ್ದಳು. ಉಡ ಕಲ್ಲಿನ ಮೇಲೆ ಬಿಸಿಲು ಕಾಯಿಸುತ್ತಿತ್ತು. ಅವನು ಚೀಲದ ಬಾಯಿ ಅಗಲ ಮಾಡಿಕೊಂಡು ತುದಿಗಾಲಿನಲ್ಲಿ ಹೋದ. ಉಡ ತಿರುಗಿ ಅವನ ಪಂಚೆಯ ಅಂಚು ಕಚ್ಚಿತು. ಕಚ್ಚಿದ್ದು ಉಡ, ಬಿಡುತ್ತದೆಯೇ? ಅವನು ಹಿಂದಕ್ಕೆ ಎಳೆದ. ಅದು ಕಿಂಡಿಯ ಕಡೆಗೆ ಎಳೆಯಿತು. ಗೆದ್ದದ್ದು ಅದೇ. ಪಂಚೆ ಸಮೇತ ಕಿಂಡಿಯೊಳಗೆ ಹೋಯಿತು. ಭಾಮೈದ ಪಟಾಪಟಿ ಚಡ್ಡಿಯಲ್ಲಿ, ಕೈಯಲ್ಲಿ ಖಾಲಿ ಚೀಲ ಹಿಡಿದು ನಿಂತ.

ಅಷ್ಟು ಹೊತ್ತಿಗೆ ಅಕ್ಕಿ ಹೊತ್ತುಕೊಂಡು ಇವಳು ಬಂದಳು. ತಮ್ಮನನ್ನು ನೋಡಿದಳು. ಚೀಲ ನೋಡಿದಳು.

"ಉಡ ಹಿಡಿಯೋಕೆ ಹೋಗಿದ್ಯಾ?"

"ಇಲ್ಲಕ್ಕ," ಅಂದ. "ಅದೇ ಹಿಡೀತು."

ಇಡೀ ವಾರ ಅವಳು ಅವನ ಜೊತೆ ಮಾತಾಡಲಿಲ್ಲ. ಆಮೇಲೆ ಅವನೇ ಪಂಚೆ ಕೇಳಿಕೊಂಡು ಬಂದ. ಅವಳು ಕೊಟ್ಟ ಉತ್ತರ ಇಷ್ಟು: "ಅಳಿಯಂಗೆ ಪಂಚೆ ಉಡುಗೊರೆ ಕೊಟ್ಟೆ ಅಂದ್ಕೋ. ಕೊಟ್ಟಿದ್ದನ್ನ ವಾಪಸ್ ಕೇಳ್ತಾರಾ?"

ಅವನು ಚಪ್ಪಲಿ ಮೆಟ್ಟಿಕೊಳ್ಳುತ್ತಾ ಗೊಣಗಿದ್ದು ನನಗೆ ಕೇಳಿಸಿತು. "ಒಂದಲ್ಲ ಒಂದಿನ ಸಾರು ಮಾಡೇ ಮಾಡ್ತೀನಿ."

ವಾರ್ಡಿನಲ್ಲಿ

ಅವಳು ಆಸ್ಪತ್ರೆ ಸೇರಿ ಇಪ್ಪತ್ತೆರಡು ದಿನ ಇದ್ದಳು. ನಾನು ದಿನಾ ಹೋಗುತ್ತಿದ್ದೆ. ನೀವು ಉಂಡ್ರಾ ಅಂತ ಕೇಳುತ್ತಿರಲಿಲ್ಲ.

"ಅಳಿಯ ಬಂದಿದ್ನಾ?"

"ಬಂದಿತ್ತು."

"ಮೊಟ್ಟೆ ಇಟ್ರಾ?"

"ಬುಧವಾರ ಇಟ್ಟೆ."

ಪಕ್ಕದ ಬೆಡ್ಡಿನ ಅಜ್ಜಿ ದಿನಾ ಕೇಳಿಸಿಕೊಂಡು ಸಿಟ್ಟಿಗೆದ್ದರು. "ಎಂಥಾ ಅಳಿಯಾನಮ್ಮ ನಿಮ್ಮೋನು? ಮನೇಲಿ ಕೂತು ಮೊಟ್ಟೆ ತಿಂತಾನೆ, ಅತ್ತೇನ ನೋಡೋಕೆ ಒಂದಿನ ಬರ್ಬಾರ್ದಾ?"

"ಪಾಪ, ಅವನಿಗೆ ಬಸ್ಸು ಹತ್ತೋಕೆ ಬರಲ್ಲಜ್ಜಿ," ಅಂದಳು ಇವಳು. ನಕ್ಕಳು. ನಗುವಾಗ ಹೊಟ್ಟೆ ಹಿಡಿದುಕೊಂಡಳು.

ಆಮೇಲೆ ನನ್ನ ಕೈ ಹಿಡಿದಳು. "ರೀ, ನಾನಿಲ್ಲ ಅಂದ್ರೆ ನನ್ನ ತಮ್ಮ ಚೀಲ ತರ್ತಾನೆ. ನಿಮಗೆ ಬೇಡ ಅನ್ನೋಕೆ ಬಾಯಿ ಬರಲ್ಲ. ಬರಿಸ್ಕೊಳ್ಳಿ."

ಆಯ್ತು ಅಂದೆ. ಅದನ್ನೂ ಮೆತ್ತಗೆ ಅಂದೆ.

ಎಡೆ

ಅವಳು ಹೋದ ಹನ್ನೊಂದನೇ ದಿನ ಎಡೆ ಇಡಬೇಕು. ಸತ್ತವರಿಗೆ ಇಷ್ಟವಾದದ್ದೆಲ್ಲ ಎಲೆಯಲ್ಲಿ ಬಡಿಸಿಟ್ಟು ಕಾಯುವುದು. ಕಾಗೆ ಬಂದು ಮುಟ್ಟಿದರೆ ತೃಪ್ತಿಯಾಯಿತು ಅಂತ. ಅಲ್ಲಿಯ ತನಕ ಮನೆಯವರು ಯಾರೂ ಉಣ್ಣುವ ಹಾಗಿಲ್ಲ. ಕಾಗೆ ಬಾರದಿದ್ದರೆ ಏನೋ ಆಸೆ ಉಳಿದಿದೆ ಅಂತ ಅರ್ಥ. ಆಗ ನೆಂಟರು ಒಬ್ಬೊಬ್ಬರೇ ಮುಂದೆ ಬಂದು ಮಾತು ಕೊಡಬೇಕು.

ಎಡೆ ಎಲ್ಲಿಡೋದು ಅಂತ ಕೇಳಿದರು. ಅವಳು ದಿನಾ ನಿಲ್ಲುತ್ತಿದ್ದ ಜಾಗ ಅಂತ ನಾನೇ ಬಟ್ಟೆ ಕಲ್ಲು ತೋರಿಸಿದೆ. ಮುದ್ದೆ, ಕೋಳಿ ಸಾರು, ಬೇಯಿಸಿದ ಮೊಟ್ಟೆ ಎರಡು.

ಭಾಮೈದ ಬೈಕಿನಲ್ಲಿ ಬಂದಿದ್ದ. ಹಿಂದೆ ಚೀಲ ಮಡಿಸಿ ಕಟ್ಟಿತ್ತು. ಬೆಳಗ್ಗೆಯೇ ನೋಡಿದೆ. ಬಾಯಿ ಬರಲಿಲ್ಲ.

ಕಾದೆವು. ಆಕಾಶದಲ್ಲಿ ಕಾಗೆ ಬೇಕಾದಷ್ಟು. ಗೋಡೆಯ ಮೇಲೂ ಕೂತಿದ್ದವು. ಒಂದೂ ಕೆಳಗಿಳಿಯಲಿಲ್ಲ.

"ಏನೋ ಉಳ್ಕಂಡದೆ," ಅಂದರು ಅವಳ ಚಿಕ್ಕಪ್ಪ. ಎಲ್ಲರಿಗಿಂತ ಹಿರಿಯರು. "ಯೋಳ್ರಪ್ಪ ಒಬ್ಬೊಬ್ರೇ."

ಅವಳ ಅಕ್ಕ ಮುಂದೆ ಬಂದು ಕಣ್ಣೊರೆಸಿಕೊಂಡರು. "ನಿನ್ನ ಇಡ್ಲಿ ಪಾತ್ರೆ ನಾನೇ ತಗೊಂಡೋಗಿದ್ದು ಕಣೇ. ಕಾಣ್ಲಿಲ್ಲ ಅಂತ ಸುಳ್ಳು ಹೇಳಿದ್ದೆ. ತಂದಿಡ್ತೀನಿ."

ಕಾಗೆ ಬರಲಿಲ್ಲ. ಎಲ್ಲರೂ ನನ್ನ ಮುಖ ನೋಡಿದರು.

"ಬೀಡಿ ಬಿಟ್ಟೆ ಕಣೇ," ಅಂದೆ.

ಗೋಡೆಯ ಮೇಲಿದ್ದ ಕಾಗೆಗಳೂ ಎದ್ದು ಹೋದವು.

ಒಲೆಯ ಮೇಲೆ ಸಾರು ಆರುತ್ತಿತ್ತು. ಹೊಟ್ಟೆ ಎಲ್ಲರಿಗೂ ಚುರ್ ಅನ್ನುತ್ತಿತ್ತು. ಚಿಕ್ಕಪ್ಪ ಭಾಮೈದನ ಕಡೆ ತಿರುಗಿದರು.

"ನಿಂದೇನ್ಲಾ?"

"ನಂದೇನಿಲ್ಲ."

ಆಗ ನನ್ನ ಬಾಯಿ ಬಂತು. ಹೇಗೆ ಬಂತೋ ಗೊತ್ತಿಲ್ಲ. "ಚೀಲ!" ಅಂದೆ. ಜೋರಾಗಿಯೇ ಅಂದೆ. ನನಗೇ ಗಾಬರಿಯಾಯಿತು. "ಬೈಕ್ ಮೇಲಿರೋ ಚೀಲ ಯಾಕೆ ತಂದೆ ಅಂತ ನಿಮ್ಮಕ್ಕಂಗೆ ಹೇಳು!"

ಎಲ್ಲರೂ ಬೈಕ್ ನೋಡಿದರು. ಅವನು ತಲೆ ಕೆರೆದುಕೊಂಡ. ಹಸಿವು ಅವನಿಗೂ ಇತ್ತು. ಕಲ್ಲಿನ ಮುಂದೆ ಬಂದು ಕೈ ಮುಗಿದ.

"ಆಯ್ತಕ್ಕ. ನಿನ್ನ ಉಡಾನ ಮುಟ್ಟಲ್ಲ. ನಿನ್ನಾಣೆ ಮುಟ್ಟಲ್ಲ. ಇನ್ನಾದ್ರೂ ಬಾರಕ್ಕ."

ಆಗ ಹತ್ತಾಯಿತು. ಸೈರನ್ ಕೂಗಿತು.

ಕಿಂಡಿಯಲ್ಲಿ ತಲೆ ಕಾಣಿಸಿತು. ನಾಲಿಗೆ ಚಾಚುತ್ತಾ, ಕತ್ತೆತ್ತಿಕೊಂಡು ನಿಧಾನಕ್ಕೆ ಬಂತು. ಹೆಂಗಸರೆಲ್ಲ ರೂಮಿನೊಳಗೆ ಹೋಗಿ ಬಾಗಿಲು ಹಾಕಿಕೊಂಡರು. ಉಡ ಕಲ್ಲು ಹತ್ತಿತು. ಮೊಟ್ಟೆ ಒಂದು ನುಂಗಿತು. ಎರಡು ನುಂಗಿತು. ಮುದ್ದೆ ಮೂಸಿ ಬಿಟ್ಟಿತು. ಆಮೇಲೆ ಇಳಿದು ಭಾಮೈದನ ಪಂಚೆಯ ಕಡೆ ಎರಡು ಹೆಜ್ಜೆ ಇಟ್ಟಿತು.

ಮಂಡಿ ನೋವಿನ ಮನುಷ್ಯ ಒಂದೇ ನೆಗೆತಕ್ಕೆ ನೀರಿನ ಡ್ರಮ್ಮಿನ ಮೇಲಿದ್ದ. ಅಲ್ಲಿಂದ ಆಕಾಶ ನೋಡಿಕೊಂಡು ಕೂಗಿದ.

"ಅಕ್ಕಾ! ಮುಟ್ಟಲ್ಲ ಅಂದ್ನಲ್ಲಕ್ಕಾ! ಅದಕ್ಕೂ ಹೇಳಕ್ಕಾ!"

ಆ ಕಲ್ಲಿನ ಹತ್ತಿರ ಕಾಗೆ ಬಂದು ಮೂರು ವರ್ಷ ಆಗಿತ್ತು. ಅದು ನನಗೆ ನೆನಪಾದದ್ದು ಆಗ.

ಚಿಕ್ಕಪ್ಪ ಜಾಗ ಬಿಟ್ಟು ಅಲ್ಲಾಡಿರಲಿಲ್ಲ. "ಅಲ್ಲಪ್ಪ, ಕಾಗೆ ಮುಟ್ಟೋ ಕಡೆ ಉಡ ಮುಟ್ತು. ಇಂಗೆ ನಾನು ಎಲ್ಲೂ ನೋಡಿಲ್ಲ. ಸಲ್ತದಾ ಇದು?"

"ಸಲ್ಲುತ್ತೆ ಮಾವ," ಅಂದೆ. "ಮನೆ ಅಳಿಯ ಉಂಡಾಯ್ತು. ಇನ್ನು ಎಲೆ ಹಾಕ್ಸಿ."

ಉಡ ಕಿಂಡಿಗೆ ಹೋದ ಮೇಲೂ ಭಾಮೈದ ಕೆಳಗಿಳಿಯಲಿಲ್ಲ. ಚೀಲ ಬಿಚ್ಚಿಕೊಳ್ಳಿ ಭಾವ ಅಂದ. ಬಿಚ್ಚಿ ಕೋಳಿ ಬುಟ್ಟಿಗೆ ಹೊದಿಸಿದೆ. ಎಲೆಯನ್ನೂ ಅಲ್ಲಿಗೇ ಕೇಳಿದ. ಡ್ರಮ್ಮಿನ ಮೇಲೆಯೇ ಬಡಿಸಿದೆ. ಮುದ್ದೆ ಹಾಕಿಸಿಕೊಂಡ, ಸಾರು ಎರಡು ಸಲ ಹಾಕಿಸಿಕೊಂಡ.

ಮೊಟ್ಟೆ ಮಾತ್ರ ಬೇಡ ಅಂದ.